ನಿಂತು ಕೊಟ್ಟ ಅಳತೆ

ನಮ್ಮ ಅತ್ತೆಯ ಬಲಗಾಲು ಸುಮ್ಮನಿರುವುದನ್ನು ಮನೆಯಲ್ಲಿ ಯಾರೂ ನೋಡಿಲ್ಲ. ಊಟಕ್ಕೆ ಕೂತಾಗಲೂ ಬಸ್ಸಿಗೆ ಕಾಯುವಾಗಲೂ ಜ್ವರ ಬಂದು ಮಲಗಿದಾಗಲೂ ಆ ಪಾದ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಹೊಲಿಗೆ ಮಿಷನ್ನಿನ ಪೆಡಲು ತುಳಿದೂ ತುಳಿದೂ ಹಾಗಾಗಿದೆ ಎಂದು ಅಪ್ಪ ಹೇಳುತ್ತಾರೆ. ಅಮ್ಮ ಅದನ್ನು ಒಪ್ಪುವುದಿಲ್ಲ. "ನಾನು ಈ ಮನೆಗೆ ಬಂದಾಗ ಮಿಷನ್ ಎಲ್ಲಿತ್ತು? ಆಗಲೂ ನಿಮ್ಮ ತಂಗಿ ಹೀಗೇ. ಆ ಕಾಲಿಗೆ ಒಂದು ಡೈನಮೋ ಕಟ್ಟಿದ್ರೆ ಬೀದಿಗೆಲ್ಲ ದೀಪ ಉರೀತಿತ್ತು."

ಮುಂದಿನ ಕೋಣೆಯೇ ಅತ್ತೆಯ ಅಂಗಡಿ. ಬೀದಿಯ ಕಡೆಯ ಕಿಟಕಿಯ ಕೆಳಗೆ ಮಿಷನ್, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು. ಮೇಜಿನ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಗುರುತಿದೆ. ಗೋಡೆಯ ಮೂಲೆಗೆ ಅಡ್ಡಲಾಗಿ ಕಟ್ಟಿದ ಪರದೆಯ ಹಿಂದೆ ಬಟ್ಟೆ ಹಾಕಿ ನೋಡುವ ಜಾಗ. ಅಲ್ಲಿರುವ ಕನ್ನಡಿಯ ತಳದ ಪಾದರಸ ಉದುರಿಹೋಗಿದೆ. ಪ್ಯಾಂಟು ಹಾಕಿ ನೋಡುವವರಿಗೆ ಮೊಣಕಾಲಿನ ತನಕ ಮಾತ್ರ ಕಾಣುತ್ತದೆ. "ಕೆಳಗೆ ಹೇಗಿದೆ ಟೈಲರಮ್ಮಾ?" ಎಂದು ಕೇಳಿದರೆ ಅತ್ತೆ, "ಕೆಳಗೆ ನಾನು ನೋಡ್ತಿದೀನಲ್ಲ, ನೀವು ಮೇಲೆ ನೋಡ್ಕೊಳ್ಳಿ" ಅನ್ನುತ್ತಾಳೆ. ಶಾಲೆಯ ಯೂನಿಫಾರ್ಮು, ಅಂಗಿ, ಪ್ಯಾಂಟು, ಹರಿದ ಜಿಪ್ಪು, ಉದ್ದವಾದ ತೋಳು ಎಲ್ಲವೂ ಅವಳ ಕೈಗೆ ಬರುತ್ತವೆ.

ಅತ್ತೆಗೆ ಹಿಂದೆ ಒಮ್ಮೆ ಮದುವೆಯಾಗಿತ್ತು. ಗಂಡನಿಗೆ ಪಾತ್ರೆ ಅಂಗಡಿ. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಕೋಪ ಬಂದರೆ ಮಾತು ಬಿಡುತ್ತಿದ್ದ. "ಏನಾಯ್ತು?" ಎಂದು ಕೇಳಿದರೆ "ಏನಿಲ್ಲ" ಅನ್ನುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ನಗುನಗುತ್ತ ಮಾತಾಡಿ ಬಂದವನು ಹೊಸ್ತಿಲು ದಾಟಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಅವನು ಲೋಟ ಕೆಳಗಿಡುವ ಸದ್ದಿನಿಂದ, ಚಪ್ಪಲಿ ಬಿಡುವ ರೀತಿಯಿಂದ ಅವನ ಮನಸ್ಸು ಹೇಗಿದೆ ಎಂದು ಊಹಿಸುವುದನ್ನು ಅತ್ತೆ ಕಲಿತಳು. ಒಂದು ಸಲ ಮೋಡ ಕಟ್ಟಿದಾಗ ನಿಂತ ಮಾತು ಇಡೀ ಮಳೆಗಾಲ ಮುಗಿದರೂ ಶುರುವಾಗಲಿಲ್ಲ. ನೆಲ ಒಣಗಿದ ಮೇಲೆ ಅತ್ತೆ ತನ್ನ ಮಿಷನ್ನನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಅದರ ಪಕ್ಕದಲ್ಲೇ ನಡೆದು ತವರಿಗೆ ಬಂದುಬಿಟ್ಟಳು. ತಾನು ಮಾಡಿದ ತಪ್ಪೇನು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ಬೈದ್ರೆ ನಾನೂ ತಿರುಗಿ ಬೈತಿದ್ದೆ. ಗೋಡೆಗೆ ಏನಂತ ಉತ್ತರ ಕೊಡ್ಲಿ?" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದಳು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದ ಮೇಲೆ ಅತ್ತೆಯ ಅಂಗಡಿಗೆ ಹಲ್ಲುಸೆಟ್ಟಿನವರು ಬರತೊಡಗಿದರು. ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವರ ಕೆಲಸ. ಡಾಕ್ಟರು ಮೇಣದಲ್ಲಿ ತೆಗೆದ ಬಾಯಿಯ ಅಚ್ಚು ಅವರ ಮೇಜಿಗೆ ಬರುತ್ತದೆ, ಆ ಬಾಯಿಯವರು ಬರುವುದಿಲ್ಲ. ಹೀಗಾಗಿ ಅವರಿಗೆ ಊರಿನ ಅರ್ಧ ಜನರ ಬಾಯಿ ಗೊತ್ತು, ಮುಖ ಗೊತ್ತಿಲ್ಲ. ನಲವತ್ತು ದಾಟಿದ ಒಂಟಿ ಮನುಷ್ಯ. ಮಾತು ಬಹಳ ಕಡಿಮೆ. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಕೆರೆಗಳ ಕಡೆ ಹಕ್ಕಿ ನೋಡಲು ಹೋಗುತ್ತಿದ್ದರು.

ಅವರಿಗೆ ಅತ್ತೆಯ ಮೇಲೆ ಮನಸ್ಸಾಗಿದೆ ಎಂಬುದು ಎಲ್ಲರಿಗಿಂತ ಮೊದಲು ಅಮ್ಮನಿಗೆ ತಿಳಿಯಿತು. "ಒಬ್ಬ ಮನುಷ್ಯನ ಅಂಗಿಗೆ ತಿಂಗಳಿಗೆ ಎಷ್ಟು ಸಲ ಗುಂಡಿ ಕಿತ್ತುಹೋಗುತ್ತೆ? ಕಿತ್ಕೊಂಡೇ ಬರ್ತಾರೆ ಕಣೇ" ಎಂದು ಅತ್ತೆಯನ್ನು ಕೆಣಕಿದಳು. ಕೊನೆಗೆ ಅವರು ಕೇಳಿಯೂ ಕೇಳಿದರು. ಕೇಳಿದ ಹೊತ್ತು ಮಾತ್ರ ವಿಚಿತ್ರ. ಹೊಸ ಕೋಟಿನ ತೋಳು ಸರಿಮಾಡಲು ಅತ್ತೆ ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ನಿಂತಿದ್ದಳು. ಆಗ ಅವರು ಗೋಡೆ ನೋಡುತ್ತ, "ನಿಮಗೆ ಒಪ್ಪಿಗೆ ಇದ್ರೆ ನಾವಿಬ್ರೂ ಮದುವೆ ಆಗಬಹುದು" ಅಂದರು. ಅತ್ತೆಗೆ ಬಾಯಿ ಬಿಡುವ ಹಾಗಿಲ್ಲ. ಸೂಜಿಗಳನ್ನೆಲ್ಲ ತೆಗೆದಿಡುವಷ್ಟರಲ್ಲಿ ಅವರು ಒಂದು ತೋಳಿಗೆ ಸೂಜಿ ಚುಚ್ಚಿದ ಕೋಟಿನಲ್ಲೇ ಬೀದಿಗೆ ಇಳಿದುಬಿಟ್ಟಿದ್ದರು.

ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಳ್ಳೆಯವರು ಎಂದು ಅವಳಿಗೂ ಗೊತ್ತಿತ್ತು. ಆದರೆ ಅವರು ಮಾತಾಡದವರು. ಆ ಮೌನ ಎಂಥದ್ದು ಎಂದು ಅವಳಿಗೆ ತಿಳಿಯಬೇಕಿತ್ತು. ಅದು ಬರೀ ಮೌನವೋ, ಅಥವಾ ಅದರೊಳಗೆ ಇನ್ನೊಂದು ಮಳೆಗಾಲ ಕೂತಿದೆಯೋ? ಅದನ್ನು ಕೇಳಿ ತಿಳಿಯುವುದು ಹೇಗೆ? ನಿದ್ದೆ ಕೆಟ್ಟಿತು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದಳು. ಒಂದು ಶಾಲಾ ಅಂಗಿಗೆ ಎರಡೂ ಎಡತೋಳು ಹಚ್ಚಿದಳು.

ಅದೇ ಸಮಯಕ್ಕೆ ಅವರು ಇನ್ನೊಂದು ಕೆಲಸ ತಂದರು. ಹಕ್ಕಿಗಳಿಗೆ ಕಾಣದ ಹಾಗೆ ಒಳಗೆ ಕೂತು ನೋಡಲು ಒಂದು ಮರೆ ಹೊಲಿದುಕೊಡಬೇಕು. ಮಣ್ಣಿನ ಬಣ್ಣದ ದಪ್ಪ ಬಟ್ಟೆ, ಮೂಲೆಗೊಂದರಂತೆ ನಿಲ್ಲಿಸಲು ಕೊಳವೆಗಳು, ಎದುರಿಗೆ ಕಣ್ಣಿನ ಎತ್ತರಕ್ಕೆ ಒಂದು ಸೀಳು ಕಿಟಕಿ. ಅತ್ತೆ ಟೇಪು ಹಿಡಿದು, "ನೆಟ್ಟಗೆ ನಿಂತ್ಕೊಳ್ಳಿ" ಅಂದಳು. ಅವರು ನಿಂತರು. ಹೆಗಲಿಂದ ಹೆಗಲಿಗೆ ಅಳೆದಳು, ನೆಲದಿಂದ ಕಣ್ಣಿಗೆ ಅಳೆದಳು. ಮುಗಿದ ಮೇಲೆ, "ಈ ಭಾನುವಾರ ಇದನ್ನ ಹಾಕಿ ನೋಡ್ತೀನಿ. ನೀವೂ ಬನ್ನಿ. ಒಂದು ದಿನ ನನ್ನ ಜೊತೆ ಇದ್ದು ನೋಡಿ" ಅಂದರು. ಅತ್ತೆ ಟೇಪು ಸುತ್ತುತ್ತ ಹೇಳಿದಳು: "ಬರ್ತೀನಿ. ಅವತ್ತು ಸಂಜೆ ಮನೆ ಸೇರೋದ್ರೊಳಗೆ ನನ್ನ ಉತ್ತರ ಹೇಳ್ತೀನಿ."

ಆ ಭಾನುವಾರದ ವಿಷಯವನ್ನು ಅತ್ತೆ ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಅವಳಿಗೆ ಕಾಣದೆ ಹೋದದ್ದನ್ನು ಅವರನ್ನು ಕೇಳಿ ಸೇರಿಸಿದ್ದೇನೆ.

ಮೊದಲ ಬಸ್ಸಿಗೆ ಹೊರಟರು. ಉಸಿರು ಬಿಟ್ಟರೆ ಹೊಗೆಯಾಗುವಷ್ಟು ಚಳಿ. ಬಸ್ಸಿನ ಗಾಜಿನ ಆಚೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವರ ತೊಡೆಯ ಮೇಲೆ ಸುತ್ತಿದ ಮರೆ, ಕಾಲ ಬಳಿ ಕೊಳವೆಗಳ ಕಟ್ಟು. ಅತ್ತೆಯ ಕೈಯಲ್ಲಿ ಬುತ್ತಿ, ಚಹಾದ ಫ್ಲಾಸ್ಕು, ಒಂದು ಮರದ ಸ್ಟೂಲು.

"ಇವತ್ತು ಯಾವ ಹಕ್ಕಿ?" ಅತ್ತೆ ಕೇಳಿದಳು.

"ಬರೋವು ಎಲ್ಲಾ."

"ಅದ್ರಲ್ಲಿ ಯಾವುದು ಬರಬೇಕು ಅಂತ ನಿಮಗೆ?"

ಅವರು ಮಾಮೂಲಿಗಿಂತ ಹೆಚ್ಚೇ ಮಾತಾಡಿದರು. ಜೊಂಡಿನ ಬಕ ಅಂತ ಒಂದು ಹಕ್ಕಿ. ಚಳಿಗಾಲಕ್ಕೆ ಮಾತ್ರ ಬರುತ್ತೆ. ಜೊಂಡುಹುಲ್ಲಿನ ನಡುವೆ ಕೊಕ್ಕನ್ನ ಆಕಾಶಕ್ಕೆ ಎತ್ತಿ ನಿಂತುಬಿಟ್ಟರೆ ಹುಲ್ಲು ಯಾವುದು ಹಕ್ಕಿ ಯಾವುದು ತಿಳಿಯಲ್ಲ. ಗಾಳಿ ಬಂದು ಹುಲ್ಲು ಓಲಾಡಿದ್ರೆ ಅದೂ ಜೊತೆಗೇ ಓಲಾಡುತ್ತೆ. ಮೂರು ಚಳಿಗಾಲದಿಂದ ಹುಡುಕ್ತಿದೀನಿ, ಒಂದು ಸಲಾನೂ ಕಂಡಿಲ್ಲ ಅಂದರು.

"ಅಷ್ಟು ಹೊತ್ತು ಸುಮ್ನೆ ನಿಂತಿರುತ್ತಾ?" ಅತ್ತೆ ಕೇಳಿದಳು. ಅವಳ ಕಾಲು ಸ್ಟೂಲಿಗೆ ತಾಗಿ ಟಕಟಕ ಅನ್ನುತ್ತಿತ್ತು.

ಕೆರೆಯ ಏರಿಯ ಹತ್ತಿರ ಇಳಿದಾಗ ಮಂಜು ನೀರಿನ ಮೇಲಿಂದ ಎದ್ದು ಜೊಂಡಿನ ತುದಿಗೆ ಬಂದಿತ್ತು. ಎಲ್ಲಿಂದಲೋ ಬಾತುಗಳ ಸದ್ದು. ಒಂದು ನೀರುಕಾಗೆ ಕೊರಡಿನ ಮೇಲೆ ರೆಕ್ಕೆ ಹರಡಿ ಒಣಗಿಸುತ್ತಿತ್ತು. ಅತ್ತೆ ಅದನ್ನು ತೋರಿಸಿ, "ಇಸ್ತ್ರಿಗೆ ಕೊಟ್ಟ ಕೋಟಿನ ಹಾಗಿದೆ" ಅಂದಳು. ಅವರು ನಕ್ಕರು. ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಜೊಂಡಿನ ಅಂಚಿನಲ್ಲಿ ಕೊಳವೆ ನೆಟ್ಟು ಮರೆಯನ್ನು ಮೇಲಿಂದ ಇಳಿಬಿಟ್ಟರು. ಹೊಲಿಗೆ ಎಲ್ಲೂ ಎಳೆದಿರಲಿಲ್ಲ, ಮೂಲೆಗಳು ಚೂಪಾಗಿ ಕೂತವು. ಅವರು ಸ್ಟೂಲು ಹಿಡಿದು ಒಳಗೆ ಹೋದರು. ಬಹಳ ಹೊತ್ತಾದರೂ ಒಳಗಿಂದ ಮಾತೇ ಇಲ್ಲ.

"ಹೇಗಿದೆ?" ಅತ್ತೆ ಹೊರಗಿನಿಂದ ಕೇಳಿದಳು.

"ಚೆನ್ನಾಗಿದೆ."

"ಕಾಣ್ತಿದೆಯಾ?"

"ಬಟ್ಟೆ ಕಾಣ್ತಿದೆ."

ಅತ್ತೆ ತಲೆ ಒಳಗೆ ಹಾಕಿ ನೋಡಿದಳು. ಅವರು ಸ್ಟೂಲಿನ ಮೇಲೆ ಕೂತಿದ್ದರು. ಸೀಳು ಕಿಟಕಿ ಅವರ ತಲೆಗಿಂತ ಎಷ್ಟೋ ಮೇಲೆ ಬೆಳಕು ಬಿಡುತ್ತಿತ್ತು. ಕೂತು ನೋಡುವ ಮರೆಗೆ ಅವಳು ನಿಲ್ಲಿಸಿ ಅಳತೆ ತೆಗೆದಿದ್ದಳು. ಜೀವಮಾನದಲ್ಲಿ ಯಾರನ್ನೂ ಕೂರಿಸಿ ಅಳೆದವಳೇ ಅಲ್ಲ.

"ಅಯ್ಯೋ, ಇದು ಹಕ್ಕಿ ನೋಡೋದಲ್ಲ, ಪ್ಯಾಂಟು ಹಾಕಿ ನೋಡೋದು!" ಅಂದಳು. "ಅಳೆಯುವಾಗ ಹೇಳಬಾರದಿತ್ತಾ, ಕೂತ್ಕೋತೀನಿ ಅಂತ?"

"ನಿಂತ್ಕೊಳ್ಳಿ ಅಂದ್ರಿ, ನಿಂತೆ."

ಕೋಪವೋ ಅಲ್ಲವೋ ಆ ದನಿಯಿಂದ ಗೊತ್ತಾಗಲಿಲ್ಲ. "ಪರವಾಗಿಲ್ಲ, ನಿಂತೇ ನೋಡೋಣ" ಎಂದು ಅವರು ಎದ್ದರು. ಕಿಟಕಿ ಅವರ ಕಣ್ಣಿಗೆ ಸರಿಯಾಗಿ ಬಂತು. ಆದರೆ ಅತ್ತೆ ಅವರ ಹೆಗಲಿನವರೆಗೆ ಮಾತ್ರ ಬರುವವಳು. ಅವಳಿಗೆ ನೋಡಬೇಕೆಂದರೆ ಸ್ಟೂಲು ಹತ್ತಲೇಬೇಕು. ಹತ್ತಿದಳು. ಒಬ್ಬರಿಗಾಗಿ ಹೊಲಿದ ಮರೆಯಲ್ಲಿ ಒಬ್ಬರು ನೆಲದ ಮೇಲೆ, ಒಬ್ಬರು ಸ್ಟೂಲಿನ ಮೇಲೆ.

ಅವಳು ಉಸಿರು ಬಿಗಿಹಿಡಿದು ಜೊಂಡನ್ನು ನೋಡಿದಳು. ಹುಲ್ಲು, ನೀರು, ಹುಲ್ಲು. ಒಂದು ಗುಳುಮುಳುಕ ಹಕ್ಕಿ ಮುಳುಗಿತು, ಎಲ್ಲೋ ದೂರ ಎದ್ದಿತು. ಮತ್ತೆ ಹುಲ್ಲು. ಇವರು ಯಾಕೆ ಮಾತಾಡುತ್ತಿಲ್ಲ? ಹಕ್ಕಿಗಾಗಿಯೋ, ಅಳತೆ ತಪ್ಪಿದ್ದಕ್ಕೋ? ಕತ್ತು ಹೊರಳಿಸಿ ಅವರ ಮುಖ ನೋಡಿದಳು. ದುರ್ಬೀನಿನ ಹಿಂದೆ ಮುಖವೇ ಇರಲಿಲ್ಲ. ಅವಳಿಗೆ ಗೊತ್ತಿಲ್ಲದೆಯೇ ಕಾಲು ಆಡತೊಡಗಿತು. ಸ್ಟೂಲು ಒದ್ದೆ ನೆಲದಲ್ಲಿ ಒಂದು ಕಡೆ ಇಳಿಯುತ್ತ ಬಂತು. ಮರೆ ನಡುಗಿತು.

"ಬಂತು," ಅವರು ಉಸಿರಿನಲ್ಲೇ ಹೇಳಿದರು. "ಎಡಗಡೆ. ಹೊರಗೆ ಬರ್ತಿದೆ. ಅಲ್ಲಾಡಬೇಡಿ."

ಆ ಮಾತು ಕೇಳಿದ್ದೇ ತಡ, ಸ್ಟೂಲಿನ ಒಂದು ಕಾಲು ಕೆಸರಿನಲ್ಲಿ ಕುಸಿಯಿತು. ಅತ್ತೆ ಕೈಗೆ ಸಿಕ್ಕಿದ ಕೊಳವೆ ಹಿಡಿದಳು. ಕೊಳವೆ ಕಿತ್ತು ಬಂತು. ಇಡೀ ಮರೆ ಕೆರೆಯ ಕಡೆಗೆ ವಾಲಿ, ಅವರನ್ನು ಒಳಗೇ ಹಾಕಿಕೊಂಡು ನೀರಿನ ಅಂಚಿಗೆ ಮಲಗಿತು. ಅತ್ತೆ ಮಾತ್ರ ಹಿಂದಕ್ಕೆ, ಒಣಹುಲ್ಲಿನ ಮೇಲೆ ಬಿದ್ದಳು. ಬಿದ್ದ ಕಡೆಯಿಂದ ಅವಳಿಗೆ ಅದು ಕಂಡಿತು. ಜೊಂಡಿನಿಂದ ದೊಡ್ಡದೊಂದು ಹಕ್ಕಿ ಎದ್ದು, ಆತುರವಿಲ್ಲದೆ ರೆಕ್ಕೆ ಬೀಸುತ್ತ, ಅವಳ ತಲೆಯ ಮೇಲೆಯೇ ಬಂದು, ತಿರುಗಿ, ಕೆರೆಯ ಆಚೆ ದಡಕ್ಕೆ ಹೋಯಿತು.

ಮಣ್ಣಿನ ಬಣ್ಣದ ಬಟ್ಟೆಯೊಳಗೆ ಅವರು ಇನ್ನೂ ದಾರಿ ಹುಡುಕುತ್ತಿದ್ದರು.

ಹೊರಗೆ ಬಂದವರ ಒಂದು ಕಡೆಯೆಲ್ಲ ಕೆಸರು. ಮೊದಲು ದುರ್ಬೀನು ಒರೆಸಿದರು. ಆಕಾಶ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ನಾನು ನೋಡಿದೆ" ಎಂದು ಅತ್ತೆ ಹೇಳಿದಳು. ಹೇಳಬಾರದಿತ್ತು ಅಂತ ಹೇಳಿದ ಮೇಲೆ ಅನ್ನಿಸಿತು.

"ಹೂಂ."

"ಪೆಟ್ಟಾಯ್ತಾ?"

"ಇಲ್ಲ."

"ಕೋಪ ಬಂತಾ?"

"ಏನಿಲ್ಲ" ಅಂದರು ಅವರು.

ಅವರ ಅಂಗಿಯ ಕೆಸರು ಒರೆಸಲು ಚಾಚಿದ ಅತ್ತೆಯ ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷದ ಹಿಂದೆ ಬಿಟ್ಟು ಬಂದ ಮನೆಯ ಬಾಗಿಲು ಯಾರೋ ಎದುರಿಗೆ ತಂದು ತೆರೆದ ಹಾಗಾಯಿತು. ಅವರು ಮರೆ ಮಡಿಸುವಾಗ, ಕೊಳವೆ ಕಟ್ಟುವಾಗ, ಅವಳು ಅವರ ಕೈಗಳನ್ನೇ ನೋಡಿದಳು. ಕಟ್ಟನ್ನು ಹೇಗೆ ಕೆಳಗಿಡುತ್ತಾರೆ? ಮೆಲ್ಲಗೆ ಇಟ್ಟರು. ಮೆಲ್ಲಗೆ ಇಡುವುದೂ ಅವಳಿಗೆ ಗೊತ್ತಿದ್ದ ಕೋಪದ ಲಕ್ಷಣವೇ.

ಅಲ್ಲಿಂದ ಕಾಲುವೆಯ ದಂಡೆ ಹಿಡಿದು ಹೊಲಗಳ ಕಡೆ ನಡೆದರು. ಬಿಸಿಲು ಬಂದಿತ್ತು, ಆದರೆ ಬೆಚ್ಚಗಿರಲಿಲ್ಲ. ಅವರು ಮುಂದೆ, ಅತ್ತೆ ಹಿಂದೆ. ಆಮೇಲೆ ಅತ್ತೆ ಮುಂದೆ, ಅವರು ಹಿಂದೆ. ಎಲ್ಲಿ ನಡೆದರೂ ಅವಳಿಗೆ ಸರಿಹೋಗಲಿಲ್ಲ. ಕಾಲುವೆಯ ಕಲ್ಲಿನ ಮೇಲೆ ಬೂದು ಬಣ್ಣದ ಸಣ್ಣ ಹಕ್ಕಿಯೊಂದು ಓಡಿ, ನಿಂತು, ಬಾಲ ಕುಣಿಸಿ, ಮತ್ತೆ ಓಡುತ್ತಿತ್ತು.

"ಕುಂಡೆಕುಸ್ಕ," ಅವರು ಹೇಳಿದರು. "ಒಂದು ಕ್ಷಣ ಸುಮ್ನೆ ನಿಲ್ಲಲ್ಲ."

"ನನಗೆ ಹೇಳಿದ್ದಾ?"

ಅವರು ತಿರುಗಿ ನೋಡಿದರು. "ಇಲ್ಲ. ಹಕ್ಕಿಗೆ ಹೇಳಿದ್ದು."

"ನೇರವಾಗಿ ಹೇಳಬಹುದು. ನನ್ನ ಕಾಲಿಂದಾನೇ ಅಲ್ವಾ ಅದು ಹಾರಿದ್ದು?"

"ಆಯ್ತಲ್ಲ, ಬಿಡಿ."

ಬಿಡುವುದು ಹೇಗೆ? ಮತ್ತೆ ನಡೆದರು. ಮುಂದೆ ಒಂದು ಸಣ್ಣ ಕೆರೆ ಸಿಕ್ಕಿತು. ನೀರಿನ ತುಂಬ ಬಾತುಗಳು ಮುಳುಗಿ, ಹಿಂಭಾಗ ಮೇಲೆ ಮಾಡಿ ಮೇಯುತ್ತಿದ್ದವು. ಬೇರೆ ದಿನವಾಗಿದ್ದರೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಆ ಕಡೆ ನೋಡಲೇ ಇಲ್ಲ. ಬದುವಿನ ಮೇಲೆ ಕೂತು ಬುತ್ತಿ ತಿಂದರು. ಅವರು ತಿಂದು, ಡಬ್ಬಿ ತೊಳೆದು, ಅವಳದ್ದನ್ನೂ ತೊಳೆದು ತಂದರು. ಮಾತಿಲ್ಲ. ಉತ್ತರ ಏನೆಂದು ಅಲ್ಲೇ ನಿರ್ಧಾರವಾಯಿತು. ಬೇಡ. ಇನ್ನು ಉಳಿದದ್ದು ಅದನ್ನು ಹೇಗೆ ಹೇಳುವುದು ಎಂಬುದಷ್ಟೇ. ಇಷ್ಟು ಒಳ್ಳೆಯವರಿಗೆ, ಡಬ್ಬಿ ತೊಳೆದುಕೊಡುವವರಿಗೆ, ಯಾವ ಮಾತಿನಿಂದ ಶುರು ಮಾಡುವುದು? ಬಸ್ಸಿನಲ್ಲಿ ಹೇಳುವುದೋ, ಇಳಿದ ಮೇಲೋ? ಎದ್ದಳು, ಕೂತಳು, ಮತ್ತೆ ಎದ್ದಳು.

ಹೊಲದ ಬದುವಿಗೆ ಕಾಲಿಡುತ್ತಿದ್ದ ಹಾಗೆ ಒಬ್ಬ ಮುದುಕ ರೈತ ಕೋಲು ಎತ್ತಿಕೊಂಡು ಬಂದ. "ಯಾರ್ರೀ ಅದು? ಪೈರು ತುಳೀಬೇಡಿ! ಏನು ಹೊತ್ಕೊಂಡು ಬಂದಿದೀರಾ? ಹಕ್ಕಿ ಹಿಡಿಯೋರಾ?"

"ಹಿಡಿಯಲ್ಲ ಅಜ್ಜಾ, ನೋಡ್ತೀವಿ" ಅಂದರು ಇವರು.

"ನೋಡೋಕೆ ಅಷ್ಟು ದೂರದಿಂದ ಬಂದ್ರಾ? ನಾನು ದಿನಾ ಓಡಿಸಿ ಓಡಿಸಿ ಸತ್ತೆ. ಬನ್ನಿ, ನೋಡಿ ಪುಣ್ಯ ಕಟ್ಕೊಳ್ಳಿ" ಎಂದು ಮುದುಕ ಬಾಯಿ ತುಂಬ ನಕ್ಕ.

ಹಲ್ಲುಸೆಟ್ಟಿನವರು ಅವನ ಬಾಯಿಯನ್ನೇ ದಿಟ್ಟಿಸಿದರು. ಅವರ ಮುಖ ಅರಳಿತು. "ಈ ಹಲ್ಲು ನಾನು ಮಾಡಿದ್ದು!"

"ನೀನಾ! ಲೇ ಪುಣ್ಯಾತ್ಮ, ಕೆಳಗಿಂದು ಒತ್ತುತ್ತೆ ಕಣಪ್ಪಾ."

"ಎಲ್ಲಿ? ತೆಗೀರಿ, ನೋಡೋಣ."

ಮುದುಕ ಹಲ್ಲು ತೆಗೆದು ಅಂಗೈಗೆ ಹಾಕಿದ. ಅವರು ಅದನ್ನು ಬಿಸಿಲಿಗೆ ಹಿಡಿದು, ಬೆರಳಿನಿಂದ ಸವರಿ, ಎಲ್ಲಿ ಒತ್ತುತ್ತೆ, ಯಾವಾಗಿನಿಂದ, ಏನು ತಿಂದಾಗ ಎಂದು ಒಂದರ ಮೇಲೊಂದು ಕೇಳಿದರು. ಮುದುಕ ಬೊಚ್ಚುಬಾಯಲ್ಲಿ ಉತ್ತರ ಕೊಟ್ಟ. ಇಬ್ಬರೂ ನಕ್ಕರು. ಅತ್ತೆ ಸ್ಟೂಲು ಹಿಡಿದು ಬದುವಿನ ಮೇಲೆ ನಿಂತು ನೋಡಿದಳು. ಬೇರೆಯವರ ಹತ್ತಿರ ಮಾತು ಬರುತ್ತದೆ. ಪಾತ್ರೆ ಅಂಗಡಿಯವನಿಗೂ ಬರುತ್ತಿತ್ತು.

ಮುದುಕ ತೋರಿಸಿದ ದಿಕ್ಕಿನಲ್ಲಿ, ಕೊಯ್ದ ಹೊಲದಲ್ಲಿ ಹೆಬ್ಬಾತುಗಳು ಇಳಿದಿದ್ದವು. ಬೂದು ಮೈಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ, ಹೊಲ ತಾನೇ ಮೆಲ್ಲಗೆ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ಇಬ್ಬರೂ ಬದುವಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಅವರು ದುರ್ಬೀನು ಎತ್ತಿದರು. ಮುಖ ಮತ್ತೆ ಮರೆಯಾಯಿತು.

"ನೋಡಿ" ಎಂದು ಅತ್ತೆ ಶುರುಮಾಡಿದಳು.

"ಮೆಲ್ಲಗೆ."

"ನಿಮಗೆ ಕೋಪ ಬಂದಿದೆಯೋ ಇಲ್ವೋ?"

"ಶ್..."

"ನನಗೆ ಶ್ ಅನ್ಬೇಡಿ. ಬೆಳಗ್ಗೆಯಿಂದ ಕೇಳ್ತಿದೀನಿ. ಬಂದಿದ್ರೆ ಬಂದಿದೆ ಅನ್ನಿ. ಏನಿಲ್ಲ ಅನ್ನೋದಿದ್ರೆ ನಾನು ಈಗಲೇ ಎದ್ದು ಹೋಗ್ತೀನಿ."

"ಆಮೇಲೆ ಮಾತಾಡೋಣ. ಹಕ್ಕಿ ಏಳ್ತವೆ."

"ಏಳ್ಲಿ! ನನಗೆ ಆಮೇಲೆ ಅನ್ನೋದು ಬೇಡ. ಆಮೇಲೆ ಆಮೇಲೆ ಅಂತ ಒಂದು ಮಳೆಗಾಲ ಕಳೆದೋಳು ನಾನು!"

ಅವರು ದುರ್ಬೀನನ್ನು ಕೊರಳಿಗೆ ಬಿಟ್ಟು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಹೌದು ಕಣ್ರೀ, ಬಂದಿದೆ! ಕೋಪ ಬಂದಿದೆ! ಮೂರು ಚಳಿಗಾಲ ಕಾದ ಹಕ್ಕಿ! ಎದುರಿಗೆ ಬಂದಿತ್ತು, ಇನ್ನೊಂದು ಹೆಜ್ಜೆ ಇಟ್ಟಿದ್ರೆ ಪೂರ್ತಿ ಕಾಣ್ತಿತ್ತು. ಅಲ್ಲಾಡಬೇಡಿ ಅಂದೆ, ಅಲ್ಲಾಡಿದ್ರಿ! ನೀವು ನೋಡಿದ್ರಿ, ನಾನು ಬಟ್ಟೆ ಒಳಗೆ ಕೆಸರು ತಿಂತಿದ್ದೆ! ಅದರ ಮೇಲೆ ನೋಡಿದೆ ನೋಡಿದೆ ಅಂತೀರಿ! ನನ್ನ ಮೇಲೂ ಕೋಪ ಬಂದಿದೆ. ಕೂತು ನೋಡೋ ಮರೆಗೆ ನಿಂತು ಅಳತೆ ಕೊಟ್ಟ ಪೆದ್ದ ನಾನು! ಆವಾಗ್ಲೇ ಅನುಮಾನ ಬಂದಿತ್ತು. ಟೇಪು ಹಿಡಿದು ಅಷ್ಟು ಹತ್ತಿರ ನಿಂತಿದ್ರಿ, ಮಾತಾಡಿದ್ರೆ ನೀವು ದೂರ ಹೋಗ್ತೀರಿ ಅಂತ ಬಾಯಿ ಮುಚ್ಕೊಂಡೆ!"

ಅವರ ದನಿ ಅಷ್ಟು ದೊಡ್ಡದು ಎಂದು ಅವರಿಗೇ ಗೊತ್ತಿರಲಿಲ್ಲವಂತೆ. ಹೊಲ ಎದ್ದಿತು. ಸಾವಿರ ರೆಕ್ಕೆಗಳು ಒಟ್ಟಿಗೆ ಬಡಿದ ಗಾಳಿ ಬದುವಿನ ತನಕ ಬಂತು. ಹೆಬ್ಬಾತುಗಳು ಕೂಗುತ್ತ ಮೇಲೇರಿ, ಒಂದು ಸುತ್ತು ಹಾಕಿ, ಕೆರೆಯ ಕಡೆ ತಿರುಗಿದವು. ಕೆಳಗೆ ಕೊಯ್ದ ಕೂಳೆ ಮಾತ್ರ ಉಳಿಯಿತು. ದೂರದಿಂದ ಮುದುಕ ಕೂಗಿದ: "ಭಲೇ! ನಾಳೆನೂ ಬಂದು ಹೀಗೇ ಕಿರುಚಿ ಹೋಗಪ್ಪಾ!"

ಅವರು ಕೂತುಬಿಟ್ಟರು. ಅತ್ತೆಯೂ ಕೂತಳು. ಇನ್ನೇನು ಬರುತ್ತದೋ ಎಂದು ಕಾದಳು. ಅವರು ಫ್ಲಾಸ್ಕು ತೆರೆದು ಚಹಾ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟರು. ತಾವೂ ಕುಡಿದರು. ಲೋಟ ಕೆಳಗಿಟ್ಟರು. ಅತ್ತೆ ಆ ಸದ್ದನ್ನು ಕಿವಿಗೊಟ್ಟು ಕೇಳಿದಳು. ಲೋಟ ಇಟ್ಟ ಸದ್ದು, ಅಷ್ಟೇ.

"ಇನ್ನೂ ಇದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಚಹಾನಾ?"

"ಕೋಪ."

ಅವರು ಸ್ವಲ್ಪ ಹುಡುಕಿ ನೋಡುವವರ ಹಾಗೆ ಸುಮ್ಮನಿದ್ದು, "ಇಲ್ಲ. ಅಷ್ಟೇ ಇದ್ದಿದ್ದು" ಅಂದರು. ಆಮೇಲೆ ಅವಳ ಕಡೆ ತಿರುಗಿ ಕೂತರು. "ಹೇಗಿತ್ತು ಅದು? ಹೇಳಿ. ಸರಿಯಾಗಿ ಹೇಳಿ."

ಅತ್ತೆ ಹೇಳಿದಳು. ಅವಳಿಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದಳು. ಒಣಹುಲ್ಲಿನ ಬಣ್ಣದ ಬಟ್ಟೆ, ಅದರ ಮೇಲೆ ಉದ್ದಕ್ಕೆ ಕಂದು ಗೀರು, ಬಣ್ಣ ಬಿಡೋ ಬಟ್ಟೆ ಜೊತೆ ನೆನೆಸಿಟ್ಟ ಹಾಗೆ ಅಲ್ಲಲ್ಲಿ ಹರಡಿಕೊಂಡಿತ್ತು. ರೆಕ್ಕೆ ಅಗಲ, ತುದಿ ಗುಂಡಗೆ ಕತ್ತರಿಸಿದ್ದು. ಕಾಲು ಹಸಿರು. ಹಸಿರು ಅಂದ್ರೆ ಎಂಥ ಹಸಿರು ಎಂದು ಅವರು ಕೇಳಿದರು. ಬಾಡಿದ ಸೊಪ್ಪಿನ ಹಸಿರು. ಕತ್ತು? ಮಡಚಿ ಒಳಗೆ ಹಾಕಿಕೊಂಡಿತ್ತು, ಕಾಲರ್ ಒಳಗೆ ತಿರುಗಿಸಿ ಹೊಲಿದ ಹಾಗೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ಇನ್ನೊಂದು ಸಲ ಹೇಳಿ, ಹಾರಿದ್ದು" ಅಂದರು. ಅವಳು ಇನ್ನೊಂದು ಸಲ ಹೇಳಿದಳು.

ಬಸ್ಸಿನ ನಿಲ್ದಾಣಕ್ಕೆ ಬರುವಾಗ ಬಿಸಿಲು ಹಳದಿಯಾಗಿತ್ತು. ಅತ್ತೆಗೆ ಈಗ ಇನ್ನೊಂದು ಚಡಪಡಿಕೆ. ಮಧ್ಯಾಹ್ನ ಗಟ್ಟಿಮಾಡಿದ್ದ ಬೇಡ ಎಂಬ ಮಾತು ಎಲ್ಲೋ ಬಿದ್ದುಹೋಗಿತ್ತು. ಆದರೆ ಅವರು ಕೇಳುತ್ತಲೇ ಇಲ್ಲ. ಸಂಜೆ ಹೇಳ್ತೀನಿ ಅಂದಿದ್ದು ನೆನಪಿಲ್ಲವೇ? ಕೇಳಿದರೆ ಹೇಳಬಹುದು. ಕೇಳದೆ ಹೇಳುವುದು ಹೇಗೆ? ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು. ಕಾಲಿಡಲು ಜಾಗವಿಲ್ಲ. ಜನರ ನೂಕಾಟದಲ್ಲಿ ಅವರು ಕೊಳವೆಗಳ ಸಮೇತ ಹಿಂದಕ್ಕೆ ಹೋದರು, ಅವಳು ಮುಂದೆ ಒಬ್ಬ ಹೆಂಗಸಿನ ಪಕ್ಕ ಇಕ್ಕಟ್ಟಿನಲ್ಲಿ ಕೂತಳು.

ಒಂದೊಂದೇ ಊರು ಹಿಂದಕ್ಕೆ ಹೋಯಿತು. ಮನೆ ಹತ್ತಿರವಾಗುತ್ತಿದೆ. ಇಳಿದ ಮೇಲೆ ಬೀದಿ, ಬೀದಿಯಲ್ಲಿ ನೆರೆಯವರು, ಬಾಗಿಲಲ್ಲಿ ಅತ್ತಿಗೆ. ಆಗ ಧೈರ್ಯ ಇರುತ್ತದೋ ಇಲ್ಲವೋ. ಅತ್ತೆ ಕಂಬಿ ಹಿಡಿದು ಎದ್ದು ಹಿಂದಕ್ಕೆ ತಿರುಗಿದಳು.

"ರೀ! ಆಯ್ತು!"

ಹಿಂದಿನಿಂದ ಅವರ ತಲೆ ಮೇಲೆದ್ದಿತು. "ಏನಾಯ್ತು?"

"ನೀವು ಕೇಳಿದ್ದು! ಒಪ್ಪಿಗೆ ಇದೆ!"

ಕಂಡಕ್ಟರು, "ಏನಣ್ಣಾ, ಏನು ಕೇಳಿದ್ರಿ? ಸೀಟಾ?" ಅಂದ. ಯಾರೋ ಕಿಸಕ್ಕನೆ ನಕ್ಕರು. ಅವರಿಗೆ ಬೆವರಿಳಿಯಿತು. ಕೊಳವೆಗಳನ್ನು ತಬ್ಬಿಕೊಂಡು ನಿಂತವರು ಕೊನೆಗೆ ಎಲ್ಲರಿಗೂ ಕೇಳುವ ಹಾಗೆ, "ಯಾಕೆ?" ಎಂದು ಕೇಳಿದರು.

"ಬೈದ್ರಲ್ಲ, ಅದಕ್ಕೆ!"

"ಹಾಗಾದ್ರೆ ನಮ್ಮನೆಯೋರನ್ನ ದಿನಾ ಪೂಜೆ ಮಾಡ್ಬೇಕು" ಎಂದಳು ಪಕ್ಕದ ಹೆಂಗಸು. ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಹೇಳಿದ ಮೇಲೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಇಳಿದು, ಇಬ್ಬರ ದಾರಿ ಬೇರೆಯಾಗುವ ಬೀದಿಯ ಮೂಲೆಗೆ ಬಂದಾಗ ಅವರು ನಿಂತರು. ಅವಳ ಮುಖ ನೋಡಿ, ಎರಡು ಸಲ ಕೆಮ್ಮಿ, ಹೇಳಿದರು: "ಇನ್ನೊಂದು ಕೋಪ ಇದೆ. ಈಗ ಬಂದಿದ್ದು. ಎಲ್ಲರ ಮುಂದೆ ಹಾಗೆ ಕೂಗಿದ್ರಲ್ಲ, ಅದು ನನಗೆ ಇಷ್ಟ ಆಗ್ಲಿಲ್ಲ."

ಅತ್ತೆಗೆ ಚುರುಕ್ಕೆಂದಿತು. "ನೀವು ನನ್ನ ಬಾಯಲ್ಲಿ ಸೂಜಿ ಇದ್ದಾಗ ಕೇಳಿದ್ದು ನನಗೆ ಇಷ್ಟ ಆಗಿತ್ತಾ?" ಎಂದಳು.

"ಇಷ್ಟ ಆಗ್ದಿದ್ರೆ ಅವತ್ತೇ ಹೇಳಬೇಕಿತ್ತು."

"ಬಾಯಲ್ಲಿ ಸೂಜಿ ಇತ್ತು ಅಂತ ಹೇಳಿದ್ನಲ್ಲ!"

ಹೀಗೆ ದೀಪ ಹಚ್ಚುವ ಹೊತ್ತಿನವರೆಗೆ ಆ ಮೂಲೆಯಲ್ಲಿ ನಿಂತೇ ಮಾತಾಡಿದರು. ಅತ್ತೆ ಕೆಂಪು ಮುಖ ಹೊತ್ತು, ಬಿರಬಿರನೆ ನಡೆದು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನೇ, ಏನಾಯ್ತು? ಏನಂದೆ ಅವರಿಗೆ?"

"ಒಪ್ಪಿದೆ ಅತ್ತಿಗೆ," ಅತ್ತೆ ಏದುಸಿರು ಬಿಡುತ್ತ ಹೇಳಿದಳು. "ಈಗ ಜಗಳ ಆಡ್ಕೊಂಡು ಬಂದೆ."